ಕಣದ ಹಬ್ಬ, ಗೆಜೆಟ್ಟಿನ ರಜೆ



ಈ ಉಪನ್ಯಾಸದ ದತ್ತಿಯ ಪತ್ರದಲ್ಲಿ ಬೇಸಾಯಕ್ಕೂ ಸಮಾಜಕ್ಕೂ ಸಂಬಂಧಿಸಿದ ಯಾವ ವಿಷಯವಾದರೂ ಆಗಬಹುದು ಎಂದು ಬರೆದಿದೆ. ಆ ಸಲಿಗೆಯನ್ನು ಬಳಸಿಕೊಂಡು ನಾನು ಬೇಸಾಯ ಮುಗಿದ ಮೇಲಿನ ಒಂದು ದಿನದ ಬಗ್ಗೆ ಮಾತಾಡುತ್ತೇನೆ. ಪೈರು ಕೊಯ್ದು, ಬಡಿದು, ತೂರಿ, ರಾಶಿ ಪೂಜೆ ಮಾಡಿ, ಕಾಳನ್ನು ಮನೆಗೆ ತುಂಬಿಕೊಂಡ ಮೇಲೆ ಹಬ್ಬ ಮಾಡುವುದು ಬೇಸಾಯ ಇರುವ ಕಡೆಯೆಲ್ಲ ಇದೆ. ಅದು ನಿಮಗೆ ಗೊತ್ತಿರುವ ಸಂಗತಿ. ನನ್ನ ಕುತೂಹಲ ಅದರ ಮುಂದಿನದು. ಒಂದು ಸರ್ಕಾರ ಆ ಹಬ್ಬವನ್ನು ಎತ್ತಿಕೊಂಡು, ತಾರೀಕು ಗೊತ್ತುಮಾಡಿ, ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿ, ಇಡೀ ದೇಶಕ್ಕೆ ರಜೆ ಎಂದು ಸಾರಿದಾಗ ಏನಾಗುತ್ತದೆ? ಊರಿನ ಸುಗ್ಗಿಯಲ್ಲಿ ಕೃತಜ್ಞತೆ ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಭೂಮಿಗೆ, ಮಳೆಗೆ, ಎತ್ತಿಗೆ, ಮನೆದೇವರಿಗೆ, ಕೂಲಿಗೆ ಬಂದವರಿಗೆ ಎಲ್ಲರಿಗೂ ಒಂದಿಷ್ಟು ಸಲ್ಲುತ್ತದೆ. ಸರ್ಕಾರದ ಸುಗ್ಗಿಯಲ್ಲಿ ಮಾತ್ರ ಯಾರು ಯಾರಿಗೆ ಕೃತಜ್ಞರಾಗಿರಬೇಕು ಎಂಬುದನ್ನು ಒಬ್ಬರು ಕಚೇರಿಯಲ್ಲಿ ಕೂತು ಬರೆಯುತ್ತಾರೆ. ಹಾಗೆ ಬರೆದ ಕಾಗದಗಳ ಕಥೆಯೇ ಇವತ್ತಿನ ಉಪನ್ಯಾಸ.

ಅಮೆರಿಕದಿಂದ ಶುರುಮಾಡುವುದು ಅನಿವಾರ್ಯ. ಈ ಸಭೆಯಲ್ಲೇ ಎಷ್ಟೋ ಜನರ ಮಕ್ಕಳು ಅಲ್ಲಿದ್ದಾರೆ. ನವೆಂಬರಿನ ನಾಲ್ಕನೆಯ ಗುರುವಾರ ಬಂತೆಂದರೆ ಅಲ್ಲಿಂದ ಫೋಟೋಗಳು ಬರುತ್ತವೆ. ಟರ್ಕಿ ಕೋಳಿ ಇರಬೇಕಾದ ಜಾಗದಲ್ಲಿ ಬಿಸಿಬೇಳೆ ಭಾತಿನ ಪಾತ್ರೆ ಇರುವ ಫೋಟೋಗಳೂ ಬರುತ್ತವೆ. ಥ್ಯಾಂಕ್ಸ್‌ಗಿವಿಂಗ್ ಎಂಬ ಆ ಹಬ್ಬಕ್ಕೆ ಅಲ್ಲಿನ ಶಾಲೆಗಳಲ್ಲಿ ಹೇಳಿಕೊಡುತ್ತ ಬಂದ ಕಥೆ ಇದು: 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ 102 ಪ್ರಯಾಣಿಕರು ಬಂದರು, ಪ್ಲಿಮತ್ ಎಂಬಲ್ಲಿ ನೆಲೆಸಿದರು, ಮೊದಲ ಚಳಿಗಾಲಕ್ಕೆ ಸುಮಾರು ಅರ್ಧ ಮಂದಿ ಸತ್ತರು. ಉಳಿದವರಿಗೆ ಸ್ಥಳೀಯರು ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದರು. ಮರುವರ್ಷ ಬೆಳೆ ಚೆನ್ನಾಗಿ ಬಂತು, ಎಲ್ಲರೂ ಕೂತು ಉಂಡರು.

ಇದು ಸುಳ್ಳಲ್ಲ. ಆದರೆ ಬಿತ್ತುವುದನ್ನು ಕಲಿಸಿದ ಟಿಸ್ಕ್ವಾಂಟಮ್ ಎಂಬವನ ಕಥೆಯನ್ನು ಪೂರ್ತಿ ಕೇಳಿದರೆ ಊಟ ಗಂಟಲಲ್ಲಿ ಇಳಿಯುವುದು ಕಷ್ಟ. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಅವನನ್ನು ಹಿಡಿದು ಹಡಗಿಗೆ ಹಾಕಿ ಸ್ಪೇನಿನಲ್ಲಿ ಮಾರಲು ಒಯ್ದ. ಅಲ್ಲಿಂದ ಹೇಗೋ ಇಂಗ್ಲೆಂಡಿಗೆ ಹೋಗಿ, ಆ ಭಾಷೆ ಕಲಿತು, 1619ರಲ್ಲಿ ತನ್ನ ಊರಿಗೆ ಮರಳಿದಾಗ ಊರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಡಗುಗಳ ಜೊತೆ ಬಂದ ರೋಗ ಎಲ್ಲರನ್ನೂ ಒಯ್ದಿತ್ತು. ಪ್ಲಿಮತ್ ಎದ್ದದ್ದು ಆ ಖಾಲಿ ಊರಿನ ಹೊಲಗಳ ಮೇಲೆಯೇ. 1621ರ ಊಟದ ಬಗ್ಗೆ ಎಡ್ವರ್ಡ್ ವಿನ್ಸ್ಲೊ ಬರೆದ ಒಂದು ಕಾಗದ ಉಳಿದಿದೆ. ಬೇಟೆಗೆ ನಾಲ್ವರನ್ನು ಕಳಿಸಿದರು, ಸ್ಥಳೀಯ ವಾಂಪನೋಗ್ ಜನಾಂಗದ ನಾಯಕ ಮ್ಯಾಸಸಾಯಿಟ್ ತೊಂಬತ್ತು ಜನರೊಂದಿಗೆ ಬಂದ, ಐದು ಜಿಂಕೆ ತಂದುಕೊಟ್ಟರು, ಮೂರು ದಿನ ಉಂಡರು. ಇಷ್ಟೇ. ಇದಾಗಿ ಐವತ್ತೈದು ವರ್ಷಕ್ಕೆ ಮ್ಯಾಸಸಾಯಿಟನ ಮಗ ಮೆಟಾಕಾಮ್ ವಲಸಿಗರ ವಿರುದ್ಧದ ಯುದ್ಧದಲ್ಲಿ ಸತ್ತ. ಅವನ ತಲೆಯನ್ನು ಅದೇ ಪ್ಲಿಮತ್ತಿನಲ್ಲಿ ಕಂಬಕ್ಕೆ ಸಿಕ್ಕಿಸಿ ಇಟ್ಟರು.

ಈ ಊಟಕ್ಕೂ ಇವತ್ತಿನ ರಜೆಗೂ ನೇರ ಸಂಬಂಧವಿಲ್ಲ. ರಜೆ ಹುಟ್ಟಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಎಷ್ಟೋ ವರ್ಷಗಳಿಂದ ಅಧ್ಯಕ್ಷರಿಗೆ, ರಾಜ್ಯಪಾಲರಿಗೆ ಕಾಗದ ಬರೆಯುತ್ತಲೇ ಇದ್ದಳು: ದೇಶಕ್ಕೆಲ್ಲ ಒಂದೇ ದಿನ ಕೃತಜ್ಞತೆಯ ಹಬ್ಬವಾಗಲಿ ಎಂದು. ನಮ್ಮ ಮಕ್ಕಳೂ ಬಾಯಿಪಾಠ ಮಾಡುವ ಮೇರಿಯ ಕುರಿಮರಿಯ ಪದ್ಯ ಬರೆದವಳೂ ಅವಳೇ. ಸೆಪ್ಟೆಂಬರ್ 28ರಂದು ಅಧ್ಯಕ್ಷ ಲಿಂಕನ್ನನಿಗೆ ಬರೆದಳು. ಅಕ್ಟೋಬರ್ 3ರಂದು ಘೋಷಣೆ ಹೊರಬಿತ್ತು. ಸರ್ಕಾರಿ ಕಡತವೊಂದು ಐದು ದಿನದಲ್ಲಿ ಮುಗಿದ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ವಿದೇಶಾಂಗ ಮಂತ್ರಿ ಸೀವರ್ಡ್ ಬರೆದ ಆ ಘೋಷಣೆಯಲ್ಲಿ ಮೇಫ್ಲವರಿನ ಹೆಸರೇ ಇಲ್ಲ. ಹೊಲ ಬೆಳೆದಿದೆ, ಗಣಿ ತುಂಬಿದೆ, ಯುದ್ಧವಿದ್ದರೂ ನೇಗಿಲು ನಿಂತಿಲ್ಲ ಎನ್ನುತ್ತ ಅದು ವಿಧವೆಯರನ್ನೂ ಅನಾಥರನ್ನೂ ನೆನೆಯುತ್ತದೆ. ಒಡೆದ ದೇಶವೊಂದು ತಾನಿನ್ನೂ ಒಂದೇ ಎಂದು ಹೇಳಿಕೊಳ್ಳಲು ಸುಗ್ಗಿಯನ್ನು ಬಳಸಿಕೊಂಡಿತು. ಅದನ್ನು ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ದಕ್ಷಿಣದ ರಾಜ್ಯಗಳು ಬಹಳ ಕಾಲ ಇದನ್ನು ಉತ್ತರದವರ ಹಬ್ಬವೆಂದೇ ಕಂಡವು.

ಇನ್ನು 1939. ಆ ವರ್ಷ ನವೆಂಬರಿನಲ್ಲಿ ಐದು ಗುರುವಾರ. ಕೊನೆಯ ಗುರುವಾರ 30ನೇ ತಾರೀಕು ಬಿತ್ತು. ಅಲ್ಲಿನ ವಾಡಿಕೆಯಲ್ಲಿ ಕ್ರಿಸ್‌ಮಸ್ ವ್ಯಾಪಾರ ಶುರುವಾಗುವುದು ಈ ಹಬ್ಬದ ಮಾರನೇ ದಿನ. ದಿನಗಳು ಕಡಿಮೆಯಾದುವು ಎಂದು ಅಂಗಡಿಕಾರರು ಗೋಳಾಡಿದರು. ಅಧ್ಯಕ್ಷ ರೂಸ್ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ, 23ಕ್ಕೆ ತಂದ. ಆಗಲೇ ಕ್ಯಾಲೆಂಡರುಗಳು ಅಚ್ಚಾಗಿದ್ದುವು, ಫುಟ್‌ಬಾಲ್ ಪಂದ್ಯಗಳು ನಿಗದಿಯಾಗಿದ್ದುವು. 23 ರಾಜ್ಯಗಳು ಅಧ್ಯಕ್ಷನ ದಿನ ಆಚರಿಸಿದುವು, 22 ರಾಜ್ಯಗಳು ಹಳೆಯ ದಿನವೇ ಸೈ ಎಂದುವು, ಉಳಿದ ಮೂರು ರಾಜ್ಯಗಳು ಬುದ್ಧಿವಂತಿಕೆಯಿಂದ ಎರಡೂ ದಿನ ರಜೆ ಕೊಟ್ಟುವು. ಗಂಡನ ಕಚೇರಿಗೆ ಒಂದು ದಿನ, ಪಕ್ಕದ ರಾಜ್ಯದಲ್ಲಿ ಓದುವ ಮಗನಿಗೆ ಇನ್ನೊಂದು ದಿನ. ಕೊನೆಗೆ 1941ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ನಾಲ್ಕನೆಯ ಗುರುವಾರ ಎಂದು ತೀರ್ಮಾನಿಸಿತು. ಇಷ್ಟೆಲ್ಲ ಜಗಳದಲ್ಲಿ ಯಾವ ಬೆಳೆ ಯಾವಾಗ ಕೊಯ್ಲಿಗೆ ಬರುತ್ತದೆ ಎಂಬ ಪ್ರಶ್ನೆಗೆ ಜಾಗವಿರಲಿಲ್ಲ. ಸುಗ್ಗಿಯ ಹಬ್ಬದ ದಿನವನ್ನು ಅಂಗಡಿಯ ಲೆಕ್ಕ ಗೊತ್ತುಮಾಡಿತು.

1970ರಲ್ಲಿ, ಮೇಫ್ಲವರ್ ಬಂದು 350 ವರ್ಷವಾದ ಸಂದರ್ಭದಲ್ಲಿ, ವಾಂಪನೋಗ್ ಜನಾಂಗದ ಫ್ರಾಂಕ್ ಜೇಮ್ಸ್ ಅವರನ್ನು ಔತಣದಲ್ಲಿ ಭಾಷಣಕ್ಕೆ ಕರೆದರು. ಮುಂಚೆಯೇ ಪ್ರತಿ ಕೇಳಿದರು. ಓದಿ ನೋಡಿ, ಇದನ್ನು ಹೇಳುವಂತಿಲ್ಲ ಎಂದರು. ಅವರು ಔತಣಕ್ಕೆ ಹೋಗಲಿಲ್ಲ. ಆ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್ತಿನ ಗುಡ್ಡವೊಂದರ ಮೇಲೆ, ಮ್ಯಾಸಸಾಯಿಟನ ಪ್ರತಿಮೆಯ ಬಳಿ ಜನ ಸೇರಿದರು. ಅಂದಿನಿಂದ ಪ್ರತಿ ವರ್ಷ ಅದೇ ದಿನ ಅಲ್ಲಿ ರಾಷ್ಟ್ರೀಯ ಶೋಕದಿನ ನಡೆಯುತ್ತದೆ. ಇಂಥ ಪೂರ್ವಪ್ರತಿ ಕೇಳುವ ಪದ್ಧತಿ ನಮ್ಮ ದತ್ತಿ ಸಮಿತಿಗೆ ಇಲ್ಲದಿರುವುದಕ್ಕೆ ನಾನು ಋಣಿ.

ಕೆನಡಾದ ಕಥೆ ಚಿಕ್ಕದು, ಸ್ವಲ್ಪ ತಮಾಷೆಯದು. ಒಕ್ಕೂಟವಾದ ಮೇಲೆ ಅಲ್ಲಿ ನಡೆದ ಮೊದಲ ಕೃತಜ್ಞತಾ ದಿನ 1872ರ ಏಪ್ರಿಲಿನಲ್ಲಿ. ನೆಲದ ಹಿಮ ಪೂರ್ತಿ ಕರಗಿರದ ಕಾಲ. ಕಾರಣ, ಲಂಡನ್ನಿನಲ್ಲಿ ಯುವರಾಜನಿಗೆ ಜ್ವರ ವಾಸಿಯಾಗಿತ್ತು. ಆಮೇಲೆ ತಾರೀಕು ಅತ್ತಿತ್ತ ಓಡಾಡಿತು; 1921ರಿಂದ ಹತ್ತು ವರ್ಷ ಮೊದಲ ಮಹಾಯುದ್ಧದ ಕದನವಿರಾಮದ ದಿನದ ಜೊತೆ ಗಂಟು ಬಿತ್ತು. 1957ರಲ್ಲಿ ಅಕ್ಟೋಬರಿನ ಎರಡನೆಯ ಸೋಮವಾರ ಎಂದು ನಿಂತಿತು. ಉತ್ತರದಲ್ಲಿ ಚಳಿ ಬೇಗ, ಕೊಯ್ಲೂ ಬೇಗ. ಹೀಗಾಗಿ ಅಷ್ಟರಮಟ್ಟಿಗೆ ಹೊಲಕ್ಕೂ ರಜೆಗೂ ತಾಳೆಯಾಯಿತು. ಪೆಸಿಫಿಕ್ಕಿನ ಪುಟ್ಟ ನಾರ್ಫೋಕ್ ದ್ವೀಪಕ್ಕೆ ಈ ಭಾಗ್ಯವೂ ಇಲ್ಲ. ಅಮೆರಿಕದ ತಿಮಿಂಗಿಲ ಬೇಟೆಗಾರರ ಸಂಪರ್ಕದಿಂದ ಅಲ್ಲಿಗೆ ಹೋದ ಹಬ್ಬ ನವೆಂಬರಿನ ಕೊನೆಯ ಬುಧವಾರ ನಡೆಯುತ್ತದೆ. ದಕ್ಷಿಣಾರ್ಧಗೋಳದಲ್ಲಿ ಅದು ವಸಂತ! ಆದರೂ ಚರ್ಚಿನೊಳಗೆ ಮೆಕ್ಕೆಜೋಳದ ದಂಟು ಕಟ್ಟುತ್ತಾರೆ. ಅಮೆರಿಕದಿಂದ ಹೋಗಿ ನೆಲೆಸಿದ ಕಪ್ಪು ಜನ ಕಟ್ಟಿದ ಲೈಬೀರಿಯಾದಲ್ಲಿ ನವೆಂಬರಿನ ಮೊದಲ ಗುರುವಾರ ರಜೆ. ಚರ್ಚಿಗೆ ಹಣ್ಣು ಹಂಪಲು ತಂದು, ಪ್ರಾರ್ಥನೆಯಾದ ಮೇಲೆ ಹರಾಜು ಹಾಕುತ್ತಾರೆ. ನಮ್ಮ ಊರಿನ ದೇವಸ್ಥಾನಗಳ ತೆಂಗಿನಕಾಯಿ ಹರಾಜನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಕೃತಜ್ಞತೆಯನ್ನು ಸರ್ಕಾರ ತನ್ನ ಕಡೆಗೇ ತಿರುಗಿಸಿಕೊಂಡರೆ ಏನಾದೀತು ಎಂಬುದಕ್ಕೆ ಜರ್ಮನಿ ಇದೆ. ಅಲ್ಲಿ ಶತಮಾನಗಳಿಂದ ಹಳ್ಳಿಯ ಚರ್ಚುಗಳಲ್ಲಿ ತೆನೆಯ ಕಿರೀಟ ಇಟ್ಟು ಸುಗ್ಗಿಯ ಕೃತಜ್ಞತೆ ಹೇಳುವ ರೂಢಿಯಿತ್ತು, ಈಗಲೂ ಇದೆ. 1933ರಲ್ಲಿ ಹಿಟ್ಲರನ ಸರ್ಕಾರ ಅದನ್ನು ರಾಷ್ಟ್ರದ ಉತ್ಸವ ಮಾಡಿತು. ಬ್ಯೂಕೆಬರ್ಗ್ ಎಂಬ ಗುಡ್ಡದ ಇಳಿಜಾರನ್ನು ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್ ಬಯಲು ಸಭಾಂಗಣವಾಗಿ ರೂಪಿಸಿದ. ವಿಶೇಷ ರೈಲುಗಳಲ್ಲಿ ಲಕ್ಷಾಂತರ ರೈತರನ್ನು ತಂದು ತುಂಬಿದರು. ಜನರ ನಡುವೆ ಎತ್ತರಿಸಿ ಕಟ್ಟಿದ ಉದ್ದನೆಯ ದಾರಿಯಲ್ಲಿ ನಾಯಕ ನಡೆದುಬರುತ್ತಿದ್ದ. ಮೇಲೆ ಸುಗ್ಗಿಯ ವೇದಿಕೆಯಲ್ಲಿ ಅವನಿಗೆ ತೆನೆಯ ಕಿರೀಟ ಅರ್ಪಣೆ. ಆಮೇಲೆ ಸೈನ್ಯದ ಅಣಕು ಯುದ್ಧ. ಮೊದಲ ಉತ್ಸವಕ್ಕೆ ಎರಡು ದಿನ ಮುಂಚೆ ಬಂದ ಜಮೀನು ಕಾನೂನು ಪಾರಂಪರಿಕ ಹಿಡುವಳಿಯನ್ನು ಜರ್ಮನ್ ರಕ್ತದ ರೈತನಿಗೆ ಮಾತ್ರ ಮೀಸಲಿಟ್ಟಿತ್ತು. 1938ರಲ್ಲಿ ಉತ್ಸವ ರದ್ದಾಯಿತು. ರೈಲುಗಳು ಸೈನಿಕರನ್ನು ಸಾಗಿಸಲು ಬೇಕಾಗಿದ್ದುವು. ಆ ಗುಡ್ಡಕ್ಕೆ ಹತ್ತಿರದ ಪೇಟೆ ಹ್ಯಾಮೆಲಿನ್. ಕುವೆಂಪು ಅವರು ಬೊಮ್ಮನಹಳ್ಳಿಗೆ ಕರೆತಂದ ಕಿಂದರಿಜೋಗಿ ಮೂಲದಲ್ಲಿ ಆ ಊರಿನವನೇ.

ಜಪಾನಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಲ್ಲಿನ ಚಕ್ರವರ್ತಿಯ ಅತಿ ಹಳೆಯ ಕರ್ತವ್ಯಗಳಲ್ಲಿ ಒಂದು, ವರ್ಷದ ಹೊಸ ಅಕ್ಕಿಯನ್ನು ದೇವತೆಗಳಿಗೆ ಉಣಬಡಿಸಿ, ತಾನೂ ಜೊತೆಗೆ ಉಣ್ಣುವುದು. ನೀನಾಮೆಸಾಯ್ ಎಂಬ ಈ ವಿಧಿ ಸಂಜೆ ಒಮ್ಮೆ, ಬೆಳಗಿನ ಜಾವಕ್ಕೆ ಮುಂಚೆ ಮತ್ತೊಮ್ಮೆ ನಡೆಯುತ್ತದೆ. ಅಕ್ಕಿಯ ಜೊತೆ ನವಣೆಯೂ ಇರುತ್ತದೆ. ಅನ್ನವೊಂದೇ ನಾಗರಿಕರ ಊಟವೆಂದು ನಂಬಿದ್ದ ನಮ್ಮ ಹಿಂದಿನ ತಲೆಮಾರಿಗೆ ಚಕ್ರವರ್ತಿಯ ನೈವೇದ್ಯದಲ್ಲಿ ನವಣೆ ಇದೆಯೆಂದು ಯಾರೂ ಹೇಳಲಿಲ್ಲ. ಹಿಂದೆ ಇದು ಚಾಂದ್ರಮಾನದ ಹನ್ನೊಂದನೇ ತಿಂಗಳಲ್ಲಿ ಬರುತ್ತಿತ್ತು. 1873ರಲ್ಲಿ ಜಪಾನ್ ಯುರೋಪಿನ ಕ್ಯಾಲೆಂಡರಿಗೆ ಬದಲಾದಾಗ ಹಬ್ಬ ನವೆಂಬರ್ 23ಕ್ಕೆ ಬಿತ್ತು, ಅಲ್ಲೇ ಉಳಿಯಿತು. ಯುದ್ಧ ಸೋತು, ಅಮೆರಿಕದ ಆಡಳಿತದಡಿ ಧರ್ಮವನ್ನೂ ರಾಜ್ಯವನ್ನೂ ಬೇರೆ ಮಾಡಿದ ಮೇಲೆ ಈ ದಿನದ ಗತಿಯೇನು? 1948ರ ರಜೆ ಕಾನೂನು ತಾರೀಕನ್ನು ಹಾಗೇ ಇಟ್ಟು ಒಳಗಿನ ಅರ್ಥವನ್ನು ಬದಲಿಸಿತು. ಈಗ ಅದು ಶ್ರಮಕ್ಕೆ ಕೃತಜ್ಞತೆ ಹೇಳುವ ದಿನ. ದುಡಿಮೆಯನ್ನು ಗೌರವಿಸುವುದು, ಉತ್ಪಾದನೆಯನ್ನು ಸಂಭ್ರಮಿಸುವುದು, ಪ್ರಜೆಗಳು ಪರಸ್ಪರ ಧನ್ಯವಾದ ಹೇಳಿಕೊಳ್ಳುವುದು ಎಂಬುದು ಕಾನೂನಿನ ಆಶಯ.

ಪರಸ್ಪರ ಎಂಬುದನ್ನು ಗಮನಿಸಿ. ದೇವರಿಗಿಲ್ಲ, ದೊರೆಗಿಲ್ಲ, ದೇಶಕ್ಕೂ ಇಲ್ಲ. ಕಾನೂನಿನ ಪುಸ್ತಕದಲ್ಲಿ ಇಷ್ಟು ಒಳ್ಳೆಯ ಮಾತು ನಾನು ಹೆಚ್ಚು ಓದಿಲ್ಲ. ಶಾಲೆಯ ಮಕ್ಕಳು ಪೊಲೀಸ್ ಠಾಣೆಗೂ ಅಗ್ನಿಶಾಮಕದವರಿಗೂ ಚಿತ್ರ ಬರೆದು ಕೊಡುತ್ತಾರೆ. ಆದರೆ ಎಲ್ಲರ ಶ್ರಮಕ್ಕೂ ಹಂಚಿದ ಮೇಲೆ ಗದ್ದೆಯವನ ಪಾಲಿಗೆ ಎಷ್ಟು ಉಳಿದೀತು? ಅದೇ ರಾತ್ರಿ ಅರಮನೆಯೊಳಗೆ ಹಳೆಯ ವಿಧಿ ನಡೆದೇ ನಡೆಯುತ್ತದೆ, ರಾಜಮನೆತನದ ಖಾಸಗಿ ಆಚರಣೆಯಾಗಿ. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದ ಮೇಲೆ ಒಮ್ಮೆ ಇದೇ ವಿಧಿ ದೊಡ್ಡದಾಗಿ ಆಗುತ್ತದೆ. 2019ರ ನವೆಂಬರಿನಲ್ಲಿ ಈಗಿನ ಚಕ್ರವರ್ತಿ ನರುಹಿತೊ ನಡೆಸಿದ ಆ ವಿಧಿಗೆ ಅಕ್ಕಿ ಯಾವ ಪ್ರಾಂತ್ಯದಿಂದ ಬರಬೇಕೆಂದು ಆಮೆಯ ಚಿಪ್ಪನ್ನು ಕಾಯಿಸಿ ಶಕುನ ನೋಡಿದರು. ತೊಚಿಗಿ ಮತ್ತು ಕ್ಯೋಟೊ ಬಂದುವು. ಖರ್ಚು ಸಾರ್ವಜನಿಕ ಹಣದಿಂದ. ಇದು ಸರಿಯಲ್ಲ, ಮನೆತನದ ಸ್ವಂತ ಹಣದಲ್ಲಿ ಆಗಬೇಕು ಎಂದು ಹಿಂದಿನ ವರ್ಷವೇ ಬಹಿರಂಗವಾಗಿ ಹೇಳಿದವರು ಯಾರು ಗೊತ್ತೆ? ಚಕ್ರವರ್ತಿಯ ತಮ್ಮ ರಾಜಕುಮಾರ ಅಕಿಶಿನೊ.

ಕೊರಿಯಾದ ಸುಗ್ಗಿ ಹಬ್ಬ ಚೂಸಾಕ್ ಎಂಟನೇ ಚಾಂದ್ರಮಾಸದ ಹುಣ್ಣಿಮೆಗೆ ಬರುತ್ತದೆ. ದಕ್ಷಿಣದಲ್ಲಿ ಸರ್ಕಾರ ಮಾಡಿದ್ದು ಮೂರು ದಿನ ರಜೆ ಕೊಟ್ಟದ್ದು, 2017ರಿಂದ ಹೆದ್ದಾರಿಯ ಟೋಲ್ ಮನ್ನಾ ಮಾಡಿದ್ದು. ಉಳಿದದ್ದೆಲ್ಲ ಮನೆಯವರದು. ರಾಜಧಾನಿ ಸೋಲ್ ಬರಿದಾಗುತ್ತದೆ, ಹಿರಿಯರ ಸಮಾಧಿಯ ಮೇಲಿನ ಹುಲ್ಲು ಕೊಯ್ಯುತ್ತಾರೆ, ಹೊಸ ಅಕ್ಕಿಯ ಹಿಟ್ಟಿನ ಕಡುಬನ್ನು ಪೈನ್ ಮರದ ಸೂಜಿ ಎಲೆಯ ಮೇಲೆ ಬೇಯಿಸಿ ಹಿರಿಯರಿಗೆ ಎಡೆ ಇಡುತ್ತಾರೆ. ಎಡೆ ಯಾರ ಹಿರಿಯರಿಗೆ? ಗಂಡನ ಮನೆಯವರಿಗೆ. ಅಡುಗೆ ಯಾರದು? ಸೊಸೆಯದು. ದಿನವಿಡೀ ಎಣ್ಣೆಯ ಮುಂದೆ ಕೂತು ಕರಿಯುವ ಈ ಕೆಲಸ ಎಷ್ಟು ಮನೆಗಳಲ್ಲಿ ಜಗಳ ತಂದಿತೆಂದರೆ, 2022ರಲ್ಲಿ ಕನ್‌ಫ್ಯೂಷಿಯಸ್ ಸಂಪ್ರದಾಯದ ಹಿರಿಯ ಪೀಠವಾದ ಸುಂಗ್‌ಕ್ಯುನ್‌ಕ್ವಾನ್ ತಾನೇ ಮುಂದೆ ಬಂದು, ಕರಿದದ್ದು ಬೇಕಿಲ್ಲ, ಒಂಬತ್ತು ಬಗೆ ಇದ್ದರೆ ಸಾಕು ಎಂದು ಪ್ರಕಟಣೆ ಕೊಟ್ಟಿತು. ನಮ್ಮ ಮಠಗಳು ಗೌರಿ ಹಬ್ಬದ ಅಡುಗೆಯ ಬಗ್ಗೆ ಇಂಥದೊಂದು ಪ್ರಕಟಣೆ ಕೊಡುವ ದಿನವನ್ನು ನಾನು ಕಾಯುತ್ತಿದ್ದೇನೆ. ಉತ್ತರ ಕೊರಿಯಾ ಈ ಹಬ್ಬವನ್ನು ಪಾಳೇಗಾರಿ ಕಾಲದ ಪಳೆಯುಳಿಕೆ ಎಂದು ಬದಿಗಿಟ್ಟು 1988ರಲ್ಲಿ ಮತ್ತೆ ರಜೆ ಮಾಡಿತು. ಹಿರಿಯರ ಸಮಾಧಿ ಗಡಿಯಾಚೆ ಉಳಿದುಹೋದ ದಕ್ಷಿಣದವರಿಗಾಗಿ ಗಡಿಯ ಹತ್ತಿರದ ಇಮ್‌ಜಿಂಗಾಕ್‌ನಲ್ಲಿ ಒಂದು ವೇದಿಕೆ ಕಟ್ಟಿದ್ದಾರೆ. ಚೂಸಾಕ್ ದಿನ ಅಲ್ಲಿ ಉತ್ತರಕ್ಕೆ ಮುಖ ಮಾಡಿ ನಮಸ್ಕರಿಸುತ್ತಾರೆ.

ಬೆಳೆಯೇ ಹೋಗಿ ಹಬ್ಬ ಉಳಿದ ದೇಶವೂ ಇದೆ. ಬಾರ್ಬಡೋಸಿನಲ್ಲಿ ಕಬ್ಬಿನ ಕೊನೆಯ ಗಾಡಿ ಗಾಣಕ್ಕೆ ಬಂದಾಗ ಗುಲಾಮರು ಕುಣಿಯುತ್ತಿದ್ದ ಕ್ರಾಪ್ ಓವರ್ ಹಬ್ಬ 1940ರ ದಶಕದಲ್ಲಿ ಕಣ್ಣುಮುಚ್ಚಿತು. 1974ರಲ್ಲಿ ಪ್ರವಾಸೋದ್ಯಮಕ್ಕಾಗಿ ಅದನ್ನು ಎಬ್ಬಿಸಿದರು. ಈಗ ಆಗಸ್ಟಿನ ಮೊದಲ ಸೋಮವಾರ ರಾಷ್ಟ್ರೀಯ ರಜೆ, ಗರಿಗಳ ವೇಷ, ವಿಮಾನ ತುಂಬ ಅತಿಥಿಗಳು. ಸಕ್ಕರೆ ಕಾರ್ಖಾನೆ ಉಳಿದಿರುವುದು ಒಂದೇ.

ಇಷ್ಟು ದೇಶಗಳ ನಡುವೆ ಬೆಳೆದವನಿಗೇ ನೇರವಾಗಿ ಕೈಮುಗಿದ ಸರ್ಕಾರ ಯಾವುದೆಂದು ಹುಡುಕಿದರೆ ನಾನು ಘಾನಾದಲ್ಲಿ ನಿಲ್ಲುತ್ತೇನೆ. 1983 ಆ ದೇಶದ ಕೆಟ್ಟ ವರ್ಷ. ಮಳೆ ಬರಲಿಲ್ಲ, ಒಣಗಿದ ಕಾಡಿಗೆ ಬಿದ್ದ ಬೆಂಕಿ ಕೋಕೋ ತೋಟಗಳನ್ನು ಸುಟ್ಟಿತು, ಅದೇ ಹೊತ್ತಿಗೆ ನೈಜೀರಿಯಾ ಸುಮಾರು ಹತ್ತು ಲಕ್ಷ ಘಾನಾದವರನ್ನು ಹೊರದೂಡಿತು. ಹಸಿವಿನಿಂದ ಎದ್ದು ಕಾಣುತ್ತಿದ್ದ ಕತ್ತಿನ ಮೂಳೆಗೆ ಜನ ಆಗಿನ ಸೇನಾ ಆಡಳಿತಗಾರನ ಹೆಸರಿಟ್ಟು ರಾಲಿಂಗ್ಸ್ ಸರ ಎಂದು ಕರೆದರು. ಮರುವರ್ಷ ಮಳೆ ಬಂತು, ರೈತರು ದೇಶವನ್ನು ಉಣ್ಣಿಸಿದರು. 1985ರಲ್ಲಿ ಅದೇ ರಾಲಿಂಗ್ಸ್ ಸರ್ಕಾರ ರೈತರ ದಿನ ಆರಂಭಿಸಿತು. ಡಿಸೆಂಬರಿನ ಮೊದಲ ಶುಕ್ರವಾರ ರಾಷ್ಟ್ರೀಯ ರಜೆಯಾಯಿತು. ಮೀನುಗಾರರೂ ಸೇರಿದರು. ಮೊದಲ ವರ್ಷ ದೇಶದ ಶ್ರೇಷ್ಠ ರೈತನಿಗೆ ಸಿಕ್ಕ ಬಹುಮಾನ: ಎರಡು ಮಚ್ಚು, ಒಂದು ಜೊತೆ ರಬ್ಬರ್ ಬೂಟು, ಒಂದು ರೇಡಿಯೊ.

ಕೇಳಿದರೆ ನಗು ಬರಬಹುದು. ನನಗೆ ಇದರಲ್ಲಿ ಪ್ರಾಮಾಣಿಕತೆ ಕಾಣುತ್ತದೆ. ಬರಿಗೈಯ ಸರ್ಕಾರ ನಾಳೆ ಹೊಲದಲ್ಲಿ ಬಳಕೆಗೆ ಬರುವ ವಸ್ತುವನ್ನು ಕೊಟ್ಟಿತು. ಆಮೇಲೆ ಬಹುಮಾನ ಬೆಳೆಯಿತು: ಪವರ್ ಟಿಲ್ಲರ್, ಟ್ರ್ಯಾಕ್ಟರ್, ಪಿಕಪ್ ಗಾಡಿ, 2002ರ ಹೊತ್ತಿಗೆ ಮೂರು ಮಲಗುಕೋಣೆಯ ಮನೆ. ಬಹುಮಾನ ದೊಡ್ಡದಾದಂತೆ ಗೆಲ್ಲುವವನೂ ದೊಡ್ಡ ಹಿಡುವಳಿದಾರನೇ ಆದ. ಕೋಕೋ ಬೆಲೆ ಗೊತ್ತುಮಾಡುವುದು ಇಂದಿಗೂ ಸರ್ಕಾರದ ಮಂಡಳಿ. ತೋಟದ ನೆಲವನ್ನು ಕಳ್ಳ ಚಿನ್ನದ ಗಣಿಗಳು ಅಗೆಯುತ್ತಿವೆ. ಒಂದು ಶುಕ್ರವಾರದ ಸನ್ಮಾನ ಇದನ್ನೆಲ್ಲ ನೇರ ಮಾಡಲಾರದು. ಆದರೂ ವರ್ಷಕ್ಕೊಮ್ಮೆ ರಾಷ್ಟ್ರಾಧ್ಯಕ್ಷ ಎದ್ದುನಿಂತು ರೈತನ ಹೆಸರು ಹಿಡಿದು ಕರೆಯುತ್ತಾನೆ, ರೈತನಿಗಾಗಿ ದೇಶ ಒಂದು ದಿನ ಕೆಲಸ ನಿಲ್ಲಿಸುತ್ತದೆ. ಲಿಂಕನ್ನನ ಘೋಷಣೆಯಲ್ಲಿ ಹೊಲವಿತ್ತು, ಹೊಲದವನಿಗೆ ಧನ್ಯವಾದ ಇರಲಿಲ್ಲ.

ಕೊನೆಗೆ ನಮ್ಮ ಮಾತು. ಭಾರತಕ್ಕೆ ರಾಷ್ಟ್ರೀಯ ರಜೆ ಮೂರು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಸುಗ್ಗಿಗೆ ಜಾಗವಿಲ್ಲ. ಕೇಂದ್ರ ಸರ್ಕಾರದ ರಜೆ ಆದೇಶದಲ್ಲಿ ಹನ್ನೆರಡು ಹಬ್ಬಗಳ ಒಂದು ಪಟ್ಟಿ ಕೊಟ್ಟು ಮೂರನ್ನು ಆರಿಸಿಕೊಳ್ಳಿ ಎನ್ನುತ್ತಾರೆ. ಸಂಕ್ರಾಂತಿ, ಪೊಂಗಲ್, ಓಣಂ ಅದರಲ್ಲಿ ಬರುತ್ತವೆ. ಡಿಸೆಂಬರ್ 23 ಮಾಜಿ ಪ್ರಧಾನಿ ಚರಣ್ ಸಿಂಗರ ಜನ್ಮದಿನ, ರೈತರ ದಿನ, ರಜೆಯಿಲ್ಲ. ಇದು ಕೊರತೆಯೇ ಎಂದು ಹಲವರು ಕೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ದೇಶ ಹಾಗಿರಲಿ, ಕರ್ನಾಟಕಕ್ಕೇ ಒಂದು ದಿನ ಗೊತ್ತುಮಾಡಿ ನೋಡೋಣ. ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಚರ್ಚಿನಿಂದ ಮನೆಗೆ ತರುತ್ತಾರೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ಹೊತ್ತಿಗೆ ಪೈರು ಇನ್ನೂ ಬಸುರಿ. ಅದಕ್ಕೆ ಬಯಕೆಯ ಊಟ ಬಡಿಸುವ ಕಾಲ. ಕೊಡಗಿನಲ್ಲಿ ಹುತ್ತರಿಯ ದಿನವನ್ನೂ ಕದಿರು ಕೊಯ್ಯುವ ಗಳಿಗೆಯನ್ನೂ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡುತ್ತಾರೆ, ವಿಧಾನಸೌಧದಲ್ಲಿ ಅಲ್ಲ. ಮಂಡ್ಯದವರು ಸಂಕ್ರಾಂತಿಯಲ್ಲಿ ಎತ್ತಿಗೆ ಕಿಚ್ಚು ಹಾಯಿಸುವಾಗ ವಿಜಯಪುರದ ಬಿಳಿಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಅವರು ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಬಂದು ಕೊಯ್ಲಿಗೆ ಕಾಯುತ್ತಿರುತ್ತಾರೆ. ಯಾವ ದಿನ ಆರಿಸಿದರೂ ಉಳಿದವರಿಗೆ ಅದು ಕೇವಲ ಭಾನುವಾರದಂಥ ಇನ್ನೊಂದು ದಿನ.

ಘಾನಾದಿಂದ ಕಲಿಯಬೇಕಾದದ್ದನ್ನು ಹೀಗೆ ಹರಡಿಕೊಂಡೇ ಕಲಿಯಬಹುದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಮೇಳಗಳು ಒಂದೊಂದು ಕಡೆ ಒಂದೊಂದು ಕಾಲಕ್ಕೆ ನಡೆಯುತ್ತವೆ. ಧಾರವಾಡದ್ದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಹಿಂಗಾರಿ ಬಿತ್ತನೆಗೆ ಬೀಜ ಒಯ್ಯುವ ಹೊತ್ತಿಗೆ. ಬೆಂಗಳೂರಿನ ಜಿಕೆವಿಕೆ ಆವರಣದ್ದು ನವೆಂಬರಿನಲ್ಲಿ. ಅಲ್ಲಿ ತಾಲ್ಲೂಕು ಮಟ್ಟದ ರೈತ, ರೈತ ಮಹಿಳೆಯರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಸನ್ಮಾನ ನಡೆಯುವುದು ಬಹುಮಟ್ಟಿಗೆ ವಾರದ ದಿನ, ಬೆಳಗ್ಗೆ. ಕೆಳಗೆ ಕುರ್ಚಿಯಲ್ಲಿ ಕೂತಿರುವವರೂ ರೈತರೇ. ಬೆಂಗಳೂರಿನವರು ಬರುವುದು ಶನಿವಾರ ಭಾನುವಾರ, ಮಕ್ಕಳಿಗೆ ಕುರಿ ಕೋಳಿ ತೋರಿಸಲು. ಸರ್ಕಾರಕ್ಕೆ ರಜೆಯೊಂದನ್ನು ಕೊಡುವ ಮನಸ್ಸಿದ್ದರೆ ಮೇಳ ನಡೆಯುವ ಜಿಲ್ಲೆಯ ಪೇಟೆಯವರಿಗೆ, ಸನ್ಮಾನದ ಆ ಬೆಳಗ್ಗೆಯೇ ಕೊಡಲಿ. ವೇದಿಕೆಯ ಮುಂದಿನ ಎರಡು ಸಾಲು ಕುರ್ಚಿಯನ್ನು ಅವರಿಗೆ ಕಾದಿರಿಸಲಿ.